ತೆರೆದ ಬಾಗಿಲ ಪಾಠಶಾಲೆ

ವಿದ್ಯೆಯು ಹಂಚಿದಷ್ಟೂ ಹೆಚ್ಚುವ ಸಂಪತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಣವನ್ನು ಕೊಟ್ಟರೆ ಕೊಟ್ಟವನ ಬಳಿ ಅಷ್ಟು ಕಡಿಮೆಯಾಗುತ್ತದೆ. ಧಾನ್ಯವನ್ನು ಅಳೆದುಕೊಟ್ಟರೆ ಕಣಜ ಅಷ್ಟು ಬರಿದಾಗುತ್ತದೆ. ಆದರೆ ತಾನು ಅರಿತುದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟ ಗುರುವಿನ ಅರಿವು ಎಳ್ಳಷ್ಟೂ ಕುಗ್ಗುವುದಿಲ್ಲ. ಹೀಗಿದ್ದರೂ ವಿದ್ಯೆಯ ಮನೆಯ ಸುತ್ತ ಬಹುಕಾಲದವರೆಗೆ ಎತ್ತರವಾದ ಗೋಡೆಗಳಿದ್ದವು. ಹುಟ್ಟಿನ ಗೋಡೆ, ಹೆಣ್ಣು ಗಂಡೆಂಬ ಭೇದದ ಗೋಡೆ, ಹಣದ ಗೋಡೆ, ಊರಿನಿಂದ ಊರಿಗಿರುವ ದೂರದ ಗೋಡೆ, ಹೀಗೆ ಒಂದರ ಹಿಂದೆ ಒಂದು. ಈ ಗೋಡೆಗಳಲ್ಲಿ ಬಾಗಿಲನ್ನು ಕೊರೆದು, ಬಂದವರನ್ನೆಲ್ಲ ಒಳಗೆ ಕರೆಯುವ ಪ್ರಯತ್ನಕ್ಕೆ ಮುಕ್ತ ಶಿಕ್ಷಣವೆಂದು ಹೆಸರು. ಇಂದು ಅಂತರಜಾಲದ ಮೂಲಕ ಜಗತ್ತಿನ ಹೆಸರಾಂತ ವಿಶ್ವವಿದ್ಯಾನಿಲಯಗಳ ಪಾಠಗಳು ಶುಲ್ಕವಿಲ್ಲದೆ ಮನೆಯ ಜಗಲಿಗೇ ಬರುತ್ತಿವೆ. ಈ ಬಾಗಿಲು ಎಷ್ಟರಮಟ್ಟಿಗೆ ತೆರೆದಿದೆ? ಒಳಗೆ ಹೋಗಲು ಏನೇನು ಬೇಕು? ಹೋದವರೆಲ್ಲರೂ ಏಕೆ ಕೊನೆಯವರೆಗೆ ನಿಲ್ಲುವುದಿಲ್ಲ? ಇವನ್ನು ನಾವು ನಮ್ಮ ಶಿವಮೊಗ್ಗ, ಭದ್ರಾವತಿಗಳ ನೆಲದ ಮೇಲೆಯೇ ನಿಂತು ವಿಚಾರಮಾಡೋಣ.

ಮುಕ್ತ ಶಿಕ್ಷಣವು ನಿನ್ನೆ ಮೊನ್ನೆ ಹುಟ್ಟಿದ ವಿಚಾರವಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪನೆಯಾಯಿತು. ನಾಡಿನ ಜನರ ತೆರಿಗೆಯ ಹಣದಿಂದ ನಡೆಯುವ ವಿದ್ಯಾಸಂಸ್ಥೆಯ ಜ್ಞಾನವು ಅಲ್ಲಿನ ತರಗತಿಗಳಲ್ಲಿ ಕುಳಿತ ಕೆಲವರಿಗೆ ಮಾತ್ರ ಮೀಸಲಾಗಬೇಕೇ ಎಂಬ ಪ್ರಶ್ನೆ ಕಾಲಕ್ರಮದಲ್ಲಿ ಎದ್ದಿತು. ಅದಕ್ಕೆ ಉತ್ತರವಾಗಿ ಪ್ರಚಾರೋಪನ್ಯಾಸಗಳು ಏರ್ಪಟ್ಟವು. ಪ್ರಾಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆ, ಸಾಹಿತ್ಯ, ಆರೋಗ್ಯ ಮೊದಲಾದ ವಿಷಯಗಳನ್ನು ತಿಳಿಗನ್ನಡದಲ್ಲಿ ಜನರ ಮುಂದಿಟ್ಟರು. ಅಂತಹ ಉಪನ್ಯಾಸಗಳು ಅಲ್ಪಬೆಲೆಯ ಕಿರುಹೊತ್ತಗೆಗಳಾಗಿಯೂ ಅಚ್ಚಾದವು. ಅದೇ ಕಾಲದಲ್ಲಿ, ಎಂದರೆ 1935ರಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಮುಂದೆ ಇಡೀ ದೇಶದ ಬಾನುಲಿಗೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮೊದಲು ಅವರ ಆ ಪುಟ್ಟ ಕೇಂದ್ರದ ಹೆಸರಾಗಿತ್ತು. ನಮ್ಮ ಭದ್ರಾವತಿಯಲ್ಲಿಯೂ 1965ರಲ್ಲಿ ಆಕಾಶವಾಣಿ ಕೇಂದ್ರವು ಪ್ರಾರಂಭವಾಯಿತು. ಗದ್ದೆಯ ಬದುವಿನ ಮೇಲೆ ಕುಳಿತ ರೈತನೂ, ಪಾಳಿ ಮುಗಿಸಿ ಮನೆಗೆ ಬಂದ ಕಾರ್ಮಿಕನೂ, ಅಡುಗೆಮನೆಯಲ್ಲಿ ಕೆಲಸದಲ್ಲಿದ್ದ ಗೃಹಿಣಿಯೂ ಒಂದೇ ಹೊತ್ತಿನಲ್ಲಿ ಒಂದೇ ಮಾತನ್ನು ಕೇಳಿ ತಿಳಿದುಕೊಳ್ಳುವ ಅವಕಾಶ ಅದರಿಂದ ದೊರೆಯಿತು. ಅದಕ್ಕೆ ಪ್ರವೇಶಪರೀಕ್ಷೆಯಿರಲಿಲ್ಲ, ವಯಸ್ಸಿನ ಮಿತಿಯೂ ಇರಲಿಲ್ಲ.

ಆದರೆ ಕೇಳಿ ತಿಳಿಯುವುದು ಬೇರೆ, ಕ್ರಮವಾಗಿ ಓದಿ ಪದವಿ ಪಡೆಯುವುದು ಬೇರೆ. ಉದ್ಯೋಗದಲ್ಲಿದ್ದವರಿಗೂ ಕಾಲೇಜಿನಿಂದ ದೂರವಿದ್ದವರಿಗೂ ಪದವಿಯ ಹಾದಿಯನ್ನು ತೋರಿಸಿದುದು ಅಂಚೆ. ಮೈಸೂರು ವಿಶ್ವವಿದ್ಯಾನಿಲಯವು 1969ರ ಸುಮಾರಿಗೆ ಅಂಚೆ-ತೆರಪಿನ ಶಿಕ್ಷಣವನ್ನು ಆರಂಭಿಸಿತು. ಪಾಠಗಳು ಅಚ್ಚಾಗಿ ಅಂಚೆಯ ಲಕೋಟೆಯಲ್ಲಿ ಮನೆಗೆ ಬರುತ್ತಿದ್ದವು. ಇಂಗ್ಲೆಂಡಿನಲ್ಲಿ ‘ಓಪನ್ ಯೂನಿವರ್ಸಿಟಿ’ ಸ್ಥಾಪನೆಯಾದುದೂ 1969ರಲ್ಲಿಯೇ. ಹಿಂದಿನ ಪರೀಕ್ಷೆಗಳ ಅಂಕಪಟ್ಟಿಯನ್ನು ಕೇಳದೆ, ಕಲಿಯಬೇಕೆಂಬ ಮನಸ್ಸೊಂದನ್ನೇ ಅರ್ಹತೆಯೆಂದು ಅದು ಎಣಿಸಿತು. ನಮ್ಮ ದೇಶದಲ್ಲಿ 1985ರಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ, ಮೈಸೂರಿನಲ್ಲಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದವು. ಗುಮಾಸ್ತರು, ಉಪಾಧ್ಯಾಯರು, ಸಿಪಾಯಿಗಳು, ಮದುವೆಯಾಗಿ ಓದು ನಿಂತುಹೋಗಿದ್ದ ಹೆಣ್ಣುಮಕ್ಕಳು ಎಷ್ಟೋ ಮಂದಿ ಈ ಹಾದಿಯಲ್ಲಿ ನಡೆದು ಪದವೀಧರರಾಗಿದ್ದಾರೆ.

ಅಂಚೆಯು ಮಾಡುತ್ತಿದ್ದ ಕೆಲಸವನ್ನು ಅಂತರಜಾಲವು ಕೈಗೆತ್ತಿಕೊಂಡಾಗ ಬಾಗಿಲು ಇನ್ನಷ್ಟು ಅಗಲವಾಯಿತು. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯು, ಎಂದರೆ ಎಂಐಟಿಯು, ತನ್ನ ಪಾಠಗಳ ಸಾಮಗ್ರಿಯನ್ನು ಎಲ್ಲರಿಗೂ ಉಚಿತವಾಗಿ ಒದಗಿಸುವುದಾಗಿ 2001ರಲ್ಲಿ ಪ್ರಕಟಿಸಿತು. ಲಕ್ಷಗಟ್ಟಲೆ ಶುಲ್ಕ ತೆತ್ತು ಕಲಿಯುವ ವಿದ್ಯೆಯನ್ನು ಹೀಗೆ ಬೀದಿಗೆ ಇಟ್ಟರೆ ವಿಶ್ವವಿದ್ಯಾನಿಲಯದ ಗತಿಯೇನೆಂದು ಕೇಳುವವರಿಗೆ ಕೊರತೆಯಿರಲಿಲ್ಲ. ಆದರೆ ಹಂಚಿದುದರಿಂದ ಆ ಸಂಸ್ಥೆಯ ಕೀರ್ತಿ ಹೆಚ್ಚಿತೇ ಹೊರತು ಕುಗ್ಗಲಿಲ್ಲ. ಹತ್ತು ವರ್ಷಗಳ ತರುವಾಯ, 2011ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಇಬ್ಬರು ಬೋಧಕರು ಕೃತಕ ಬುದ್ಧಿಮತ್ತೆಯ ಪಾಠವೊಂದನ್ನು ಅಂತರಜಾಲದಲ್ಲಿ ನಡೆಸಿದರು. ಜಗತ್ತಿನ ನಾನಾ ದೇಶಗಳಿಂದ ಸುಮಾರು 1,60,000 ಜನರು ಹೆಸರು ನೋಂದಾಯಿಸಿದರು. ಒಂದು ತರಗತಿಯ ಹಾಜರಿ ಒಂದು ನಗರದ ಜನಸಂಖ್ಯೆಯಷ್ಟಾಯಿತು!

ಮರುವರ್ಷ ಎಂಐಟಿಯು ವಿದ್ಯುನ್ಮಂಡಲಗಳನ್ನೂ ಎಲೆಕ್ಟ್ರಾನಿಕ್ಸನ್ನೂ ಕುರಿತ ಪಾಠವೊಂದನ್ನು ಇದೇ ರೀತಿಯಲ್ಲಿ ನಡೆಸಿತು. ಅದರ ಮುಂದಾಳಾಗಿದ್ದ ಪ್ರಾಧ್ಯಾಪಕರು ಅನಂತ್ ಅಗರ್ವಾಲ್. ಅವರು ನಮ್ಮ ಮಂಗಳೂರಿನಲ್ಲಿ ಬೆಳೆದು, ಅಲ್ಲಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯಲ್ಲಿ ಓದಿ, ಮದರಾಸಿನ ಐಐಟಿಯಲ್ಲಿ ಪದವಿ ಪಡೆದವರು. ಎಂಐಟಿಯೂ ಹಾರ್ವರ್ಡ್ ವಿಶ್ವವಿದ್ಯಾನಿಲಯವೂ ಸೇರಿ 2012ರಲ್ಲಿ ಸ್ಥಾಪಿಸಿದ ‘ಎಡ್‌ಎಕ್ಸ್’ ಎಂಬ ಮುಕ್ತ ಪಾಠಗಳ ಸಂಸ್ಥೆಗೆ ಅವರೇ ಮೊದಲ ಮುಖ್ಯಸ್ಥರಾದರು. 2017ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿ ಗೌರವಿಸಿತು.

ಈ ವಿಷಯದಲ್ಲಿ ಭಾರತವು ಇತರರನ್ನು ನೋಡಿಕೊಂಡು ಸುಮ್ಮನೆ ಕುಳಿತಿರಲಿಲ್ಲ. ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿಯೇ ‘ಎನ್‌ಪಿಟೆಲ್’ ಎಂಬ ಯೋಜನೆಯನ್ನು ಆರಂಭಿಸಿ, ತಮ್ಮ ಪ್ರಾಧ್ಯಾಪಕರ ಪಾಠಗಳನ್ನು ಚಿತ್ರೀಕರಿಸಿ ದೇಶಕ್ಕೆಲ್ಲ ಒದಗಿಸತೊಡಗಿದವು. ಕೇಂದ್ರ ಸರ್ಕಾರವು 2017ರ ಜುಲೈ 9ರಂದು ‘ಸ್ವಯಂ’ ಎಂಬ ಮುಕ್ತ ಪಾಠಗಳ ತಾಣವನ್ನು ಉದ್ಘಾಟಿಸಿತು. ಅಂತರಜಾಲವಿಲ್ಲದ ಮನೆಗಳಿಗಾಗಿ ದೂರದರ್ಶನದ ಮೂಲಕ ಪಾಠ ಹೇಳುವ ‘ಸ್ವಯಂ ಪ್ರಭಾ’ ವಾಹಿನಿಗಳೂ ಅದರ ಜೊತೆಯಲ್ಲಿ ಬಂದವು. ಎನ್‌ಪಿಟೆಲ್ ಪಾಠಗಳು ನಡೆಯುವ ಕ್ರಮವನ್ನು ತಿಳಿಯುವುದು ಉಪಯುಕ್ತ. ಪಾಠವು 4, 8 ಅಥವಾ 12 ವಾರಗಳವರೆಗೆ ನಡೆಯುತ್ತದೆ. ಪ್ರತಿ ವಾರವೂ ಕೆಲವು ಉಪನ್ಯಾಸಗಳೂ, ಗೊತ್ತಾದ ದಿನದೊಳಗೆ ಮುಗಿಸಬೇಕಾದ ಅಭ್ಯಾಸವೂ ಇರುತ್ತವೆ. ಪಾಠ ಕೇಳುವುದಕ್ಕೆ ಶುಲ್ಕವಿಲ್ಲ. ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ಕಟ್ಟಿ, ನಿಗದಿಯಾದ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಎದುರಿನಲ್ಲಿಯೇ ಪರೀಕ್ಷೆ ಬರೆಯಬೇಕು. ವಾರದ ಅಭ್ಯಾಸಗಳಿಗೆ ನೂರಕ್ಕೆ 25, ಪರೀಕ್ಷೆಗೆ ನೂರಕ್ಕೆ 75 ಎಂದು ಅಂಕಗಳ ಹಂಚಿಕೆ. ಆದುದರಿಂದ ಉಚಿತ ಪಾಠವೆಂದರೆ ಸಡಿಲವಾದ ಪಾಠವೆಂದು ಯಾರೂ ತಿಳಿಯಬಾರದು.

ಇಲ್ಲಿ ‘ಉಚಿತ’, ‘ಮುಕ್ತ’ ಎಂಬ ಎರಡು ಮಾತುಗಳ ಅಂತರವನ್ನು ಗಮನಿಸಬೇಕು. ಹಬ್ಬದ ದಿನ ಊರವರಿಗೆಲ್ಲ ಊಟ ಹಾಕಿದರೆ ಅದು ಉಚಿತ. ಉಂಡವನ ಹಸಿವು ಆ ಹೊತ್ತಿಗೆ ಹಿಂಗುತ್ತದೆ. ಆದರೆ ಒಬ್ಬ ರೈತ ತನ್ನ ಒಳ್ಳೆಯ ಭತ್ತದ ತಳಿಯನ್ನು ನೆರೆಯವನಿಗೆ ಬಿತ್ತನೆಗೆ ಕೊಟ್ಟರೆ ಪಡೆದವನು ಅದನ್ನು ತನ್ನ ಗದ್ದೆಯಲ್ಲಿ ಬಿತ್ತಬಹುದು, ತನ್ನ ಮಣ್ಣಿಗೆ ಹೊಂದಿಸಿಕೊಳ್ಳಬಹುದು, ಮತ್ತೊಬ್ಬರಿಗೂ ಕೊಡಬಹುದು. ಮುಕ್ತ ಶೈಕ್ಷಣಿಕ ಸಂಪನ್ಮೂಲವು ಅಂತಹ ಬೀಜ. ಯುನೆಸ್ಕೋ ಸಂಸ್ಥೆಯು 2002ರಲ್ಲಿ ಕರೆದ ಸಭೆಯಲ್ಲಿ ಈ ಹೆಸರು ರೂಢಿಗೆ ಬಂದಿತು. ಇಂತಹ ಪಾಠವನ್ನು ನಕಲು ಮಾಡಲು, ಭಾಷಾಂತರಿಸಲು, ತಿದ್ದಿ ಬೆಳೆಸಲು, ಹಂಚಲು ಅದನ್ನು ಬರೆದವರೇ ಅನುಮತಿ ಕೊಟ್ಟಿರುತ್ತಾರೆ. ಕೇಳಲು ಮಾತ್ರ ಅವಕಾಶವಿದ್ದು, ನಮ್ಮ ಭಾಷೆಗೆ ತಂದುಕೊಳ್ಳಲು ಅವಕಾಶವಿಲ್ಲದ ಪಾಠವು ಉಚಿತವಾಗಿರಬಹುದು, ಮುಕ್ತವಲ್ಲ.

ಕರ್ನಾಟಕದಲ್ಲಿ ಇಂತಹ ಬೀಜವನ್ನು ಬಿತ್ತಿ ಬೆಳೆಸುವ ಕೆಲಸ ನಡೆದಿದೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ಆಶ್ರಯದಲ್ಲಿ, ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಎಂಬ ಸಂಸ್ಥೆಯ ಸಹಯೋಗದಿಂದ, 2013ರಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ತಾಣವು ಪ್ರಾರಂಭವಾಯಿತು. ಸರ್ಕಾರಿ ಪ್ರೌಢಶಾಲೆಗಳ ಉಪಾಧ್ಯಾಯರೇ ತಾವು ತರಗತಿಯಲ್ಲಿ ಬಳಸುವ ಚಟುವಟಿಕೆ, ಚಿತ್ರ, ಪ್ರಶ್ನೆಗಳನ್ನು ಅಲ್ಲಿ ಬರೆದಿಟ್ಟು, ಇತರರು ಬರೆದುದನ್ನು ತಿದ್ದಿ ಬಳಸಿಕೊಂಡರು. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯವನ್ನು ಸಂಬಳವಿಲ್ಲದ ಬರಹಗಾರರು ಬೆಳೆಸುತ್ತ ಬಂದಿದ್ದಾರೆ. 2009ರಲ್ಲಿ ಕರ್ನಾಟಕ ಜ್ಞಾನ ಆಯೋಗದ ಆಶಯದಂತೆ ಮೊದಲಾದ ಕನ್ನಡದ ಜ್ಞಾನತಾಣಕ್ಕೆ ‘ಕಣಜ’ವೆಂದು ಹೆಸರಿಟ್ಟರು. ಎಷ್ಟು ಮೊಗೆದರೂ ಬರಿದಾಗದ ಕಣಜವಿದು! ಪಠ್ಯಪುಸ್ತಕದ ಪುಟದಲ್ಲಿ ಕಾಣುವ ಕಪ್ಪು-ಬಿಳಿ ಚೌಕಳಿಯ ಗುರುತನ್ನು ಮೊಬೈಲಿನಿಂದ ನೋಡಿದರೆ ತೆರೆದುಕೊಳ್ಳುವ ‘ದೀಕ್ಷಾ’ ತಾಣವೂ 2017ರಿಂದ ಬಂದ ಇಂತಹದೇ ಒಂದು ಬಾಗಿಲು.

ಈ ಬಾಗಿಲಿನಿಂದ ನಮ್ಮ ಊರಿನವರಿಗೆ ಆಗಬಹುದಾದ ಪ್ರಯೋಜನವೇನು? ಭದ್ರಾವತಿಯ ಕಡೆಗೆ ಒಮ್ಮೆ ನೋಡೋಣ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಹುಟ್ಟಿದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಇಲ್ಲಿ ಉತ್ಪಾದನೆಯನ್ನು ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ನ್ಯೂಟೌನ್, ಕಾಗದನಗರ ಎಂಬ ಬಡಾವಣೆಗಳು ಈ ಎರಡು ಕಾರ್ಖಾನೆಗಳ ಸುತ್ತ ಬೆಳೆದವು. ತಂದೆಯ ಕೆಲಸವನ್ನು ನೋಡಿ ಮಗನೂ ಅದೇ ಕಾರ್ಖಾನೆಯನ್ನು ಸೇರುತ್ತಿದ್ದ ಕಾಲ ಅದು. ಈಗ ಆ ಕಾಲ ಉಳಿದಿಲ್ಲ. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತುಹೋಯಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು 2023ರ ಆರಂಭದಲ್ಲಿ ಪ್ರಕಟವಾದಾಗ ಕಾರ್ಮಿಕರು ಬೀದಿಗಿಳಿದು ಹೋರಾಡಬೇಕಾಯಿತು. ತಂದೆಯ ಕಸುಬು ಮಕ್ಕಳ ಕೈಗೆ ತಾನಾಗಿ ಬರದಿರುವಾಗ ಮಕ್ಕಳು ಹೊಸದನ್ನು ಕಲಿಯಲೇಬೇಕು. ಕಲಿಯಲು ಬೆಂಗಳೂರಿಗೆ ಹೋಗಿ ನಿಲ್ಲುವ ಶಕ್ತಿ ಎಲ್ಲ ಮನೆಗಳಿಗೂ ಇಲ್ಲ. ಕಾಗದನಗರದ ಒಬ್ಬ ಹುಡುಗಿ ರಾತ್ರಿ ಊಟವಾದ ಮೇಲೆ ತನ್ನ ಮನೆಯಲ್ಲಿಯೇ ಕುಳಿತು ಐಐಟಿಯ ಪ್ರಾಧ್ಯಾಪಕರೊಬ್ಬರ ಗಣಿತದ ಪಾಠವನ್ನು ಕೇಳಬಹುದು. ಅರ್ಥವಾಗದಿದ್ದರೆ ನಿಲ್ಲಿಸಿ ಮತ್ತೊಮ್ಮೆ, ಮಗುದೊಮ್ಮೆ ಕೇಳಬಹುದು ಎಂಬುದು ಅವಳ ಅಜ್ಜನ ಕಾಲದಲ್ಲಿ ಕನಸಿನಲ್ಲಿಯೂ ಕಾಣದಿದ್ದ ಭಾಗ್ಯ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯದಿಂದಾಗಿ ಉನ್ನತ ಶಿಕ್ಷಣವು ಊರಿನ ಸಮೀಪಕ್ಕೆ ಬಂದಿತು. ಮುಕ್ತ ಪಾಠಗಳಿಂದಾಗಿ ಅದು ಮನೆಯ ಹೊಸ್ತಿಲಿಗೇ ಬಂದಿದೆ.

ಆದರೆ ಬಾಗಿಲು ತೆರೆದಿದ್ದರೆ ಸಾಲದು. ಅಲ್ಲಿಯವರೆಗೆ ದಾರಿಯೂ ಇರಬೇಕು. ಇದನ್ನು ನಾಡಿಗೆಲ್ಲ ಮನಗಾಣಿಸಿದುದು 2020ನೆಯ ಇಸವಿ. ಕೊರೋನಾ ಸೋಂಕಿನಿಂದಾಗಿ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವು. ಪಾಠಗಳು ಮೊಬೈಲಿಗೂ ಚಂದನ ವಾಹಿನಿಗೂ ವರ್ಗವಾದವು. ಶಿವಮೊಗ್ಗ ನಗರದ ಅನೇಕ ಮಕ್ಕಳಿಗೆ ಅವು ತಲಪಿದವು. ಅದೇ ಜಿಲ್ಲೆಯ ಹೊಸನಗರ, ಸಾಗರ, ತೀರ್ಥಹಳ್ಳಿಗಳ ಕಾಡಿನೊಳಗಿನ ಹಳ್ಳಿಗಳಲ್ಲಿ ಮೊಬೈಲಿನ ಸಂಪರ್ಕಕ್ಕಾಗಿ ಮಕ್ಕಳು ಗುಡ್ಡ ಹತ್ತಬೇಕಾಯಿತು. ಮಳೆಗಾಲದ ಮಲೆನಾಡಿನಲ್ಲಿ ಗುಡ್ಡ ಹತ್ತಿ ಪಾಠ ಕೇಳುವುದೆಂದರೇನೆಂಬುದನ್ನು ಅಲ್ಲಿನವರೇ ಬಲ್ಲರು. ಮನೆಗೊಂದೇ ಮೊಬೈಲಿದ್ದು, ಅದು ಕೆಲಸಕ್ಕೆ ಹೋದ ತಂದೆಯ ಜೇಬಿನಲ್ಲಿದ್ದರೆ ಪಾಠವೆಲ್ಲಿಯದು? ಆ ಆಗಸ್ಟಿನಲ್ಲಿ ರಾಜ್ಯ ಸರ್ಕಾರವು ‘ವಿದ್ಯಾಗಮ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಅದರಲ್ಲಿ ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಿದರು: ಅಂತರಜಾಲವುಳ್ಳ ಮೊಬೈಲು ಇದ್ದವರು, ಸಾಧಾರಣ ಮೊಬೈಲು ಇದ್ದವರು, ಯಾವುದೂ ಇಲ್ಲದವರು. ಇಂದಿನ ಕಾಲದ ಗೋಡೆಗಳು ಯಾವುವೆಂಬುದನ್ನು ಈ ವಿಂಗಡಣೆಯೇ ಹೇಳುತ್ತದೆ. ಮೂರನೆಯ ಗುಂಪಿನವರನ್ನು ತಲಪಲು ಉಪಾಧ್ಯಾಯರು ನಡೆದುಕೊಂಡೇ ಹೋಗಬೇಕಾಯಿತು. ದೇವಸ್ಥಾನದ ಜಗಲಿ, ಅರಳಿಯ ಕಟ್ಟೆ, ಸಮುದಾಯ ಭವನಗಳು ತರಗತಿಗಳಾದವು. ಸೋಂಕಿನ ಭೀತಿಯಿಂದ ಆ ಕಾರ್ಯಕ್ರಮವೂ ಅಕ್ಟೋಬರಿನಲ್ಲಿ ನಿಂತು, 2021ರ ಜನವರಿಯಲ್ಲಿ ಮತ್ತೆ ಆರಂಭವಾಯಿತು.

ಎರಡನೆಯ ಅಡ್ಡಿ ಭಾಷೆಯದು. ಉನ್ನತ ಶಿಕ್ಷಣದ ಮುಕ್ತ ಪಾಠಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿದ ಜಾಣ ವಿದ್ಯಾರ್ಥಿಯು ವಿಷಯ ಕಠಿಣವಾದುದರಿಂದಲ್ಲ, ಮಾತು ಅರ್ಥವಾಗದುದರಿಂದ ಹಿಂದಕ್ಕೆ ಸರಿಯುವಂತಾಗುತ್ತದೆ. ಎನ್‌ಪಿಟೆಲ್ ಪಾಠಗಳಲ್ಲಿ ಕೆಲವು ಕನ್ನಡಕ್ಕೆ ಅನುವಾದವಾಗಿವೆ. ಆದರೆ ಅಗತ್ಯದ ಮುಂದೆ ಅವು ಬೊಗಸೆಯಷ್ಟು ಮಾತ್ರ. ವಿದ್ಯಾರ್ಥಿಯು ಇಂಗ್ಲಿಷನ್ನು ಕಲಿಯಬೇಕೆಂಬುದು ನಿಜ. ಪಾಠವು ಕನ್ನಡಕ್ಕೆ ಬರಬೇಕೆಂಬುದೂ ಅಷ್ಟೇ ನಿಜ. ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿಯೇ ವಿಜ್ಞಾನವನ್ನು ಹೇಳಿದ ನಾಡಿಗೆ ಇದು ಅಸಾಧ್ಯವಾದ ಕೆಲಸವೇನಲ್ಲ.

ಮೂರನೆಯ ಅಡ್ಡಿ ಹೊರಗಿನದಲ್ಲ, ಕಲಿಯುವವನ ಒಳಗಿನದು. ಎಂಐಟಿಯ ಆ ಎಲೆಕ್ಟ್ರಾನಿಕ್ಸ್ ಪಾಠಕ್ಕೆ ಸೇರಿದವರು ಸುಮಾರು 1,55,000 ಮಂದಿ. ತೇರ್ಗಡೆಯಾದವರು 7,157 ಮಂದಿ. ನೂರು ಮಂದಿ ಹೊರಟರೆ ಗುರಿ ಮುಟ್ಟಿದವರು ಐವರೂ ಇಲ್ಲ! ಸೇರಿದವರೆಲ್ಲರೂ ಕೊನೆ ಮುಟ್ಟಲೆಂದೇ ಬಂದವರಲ್ಲವೆಂಬುದು ದಿಟ. ಕೆಲವರು ಇಣುಕಿ ನೋಡಲು ಬಂದವರು. ಕೆಲವರು ತಮಗೆ ಬೇಕಾದ ಒಂದೆರಡು ಪಾಠಗಳನ್ನಷ್ಟೇ ಕೇಳಿ ಹೋದವರು. ಆದರೂ ಅರ್ಧದಾರಿಯಲ್ಲಿ ಕೈಬಿಟ್ಟವರ ಸಂಖ್ಯೆ ಸಣ್ಣದಲ್ಲ. ಶಾಲೆಯಲ್ಲಿ ಗಂಟೆ ಬಾರಿಸುತ್ತದೆ, ಹಾಜರಿ ಕರೆಯುತ್ತಾರೆ, ಬಾರದಿದ್ದರೆ ‘ಏಕೆ ಬರಲಿಲ್ಲ’ ಎಂದು ಕೇಳುವವರಿದ್ದಾರೆ. ಮುಕ್ತ ಪಾಠದಲ್ಲಿ ಗಂಟೆಯನ್ನು ಬಾರಿಸುವವನೂ ನಾನೇ, ಓಗೊಡಬೇಕಾದವನೂ ನಾನೇ. ಈ ಬಗೆಯ ಪಾಠಗಳನ್ನು ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ‘ಮೂಕ್’ ಎಂದು ಕರೆಯುವುದುಂಟು. ಕನ್ನಡದ ಕಿವಿಗೆ ಆ ಹೆಸರು ಒಂದು ಎಚ್ಚರಿಕೆಯಂತೆಯೂ ಕೇಳಿಸುತ್ತದೆ. ಪ್ರಶ್ನೆ ಕೇಳದೆ, ಲೆಕ್ಕ ಬಿಡಿಸದೆ, ತೆರೆಯನ್ನು ನೋಡುತ್ತ ಕುಳಿತವನು ಮೂಕನಾಗಿಯೇ ಉಳಿಯುತ್ತಾನೆ.

ಆ ಪಾಠದಲ್ಲಿ ಪೂರ್ಣಾಂಕ ಪಡೆದವರಲ್ಲಿ ಮಂಗೋಲಿಯ ದೇಶದ ಉಲಾನ್‌ಬಾತರ್ ನಗರದ ಹದಿನೈದು ವರ್ಷದ ಬಾಲಕನೊಬ್ಬನಿದ್ದನು. ಮುಂದೆ ಅವನು ಎಂಐಟಿಯಲ್ಲಿಯೇ ವಿದ್ಯಾರ್ಥಿಯಾದನು. ಅಂತರಜಾಲದ ಮಹಿಮೆಗೆ ಉದಾಹರಣೆಯಾಗಿ ಈ ಕಥೆಯನ್ನು ಹೇಳುವವರು ಅದರ ಅರ್ಧವನ್ನು ಮಾತ್ರ ಹೇಳುತ್ತಾರೆ. ಆ ಬಾಲಕನ ಶಾಲೆಯ ಮುಖ್ಯೋಪಾಧ್ಯಾಯರು ತಾವೇ ಎಂಐಟಿಯಲ್ಲಿ ಓದಿ ಬಂದವರು. ಅವರು ಆ ಪಾಠವನ್ನು ತಮ್ಮ ಶಾಲೆಯೊಳಕ್ಕೆ ತಂದರು. ಹಲವು ವಿದ್ಯಾರ್ಥಿಗಳು ಒಟ್ಟಾಗಿ ಕುಳಿತು ಅದನ್ನು ಕಲಿತರು. ಅಮೆರಿಕದಿಂದ ಯುವ ಸಂಶೋಧಕನೊಬ್ಬನು ಪ್ರಯೋಗದ ಉಪಕರಣಗಳನ್ನು ಹೊತ್ತು ತಂದು, ತಿಂಗಳುಗಟ್ಟಲೆ ಜೊತೆಯಲ್ಲಿದ್ದು ಅವರ ಕೈಯಿಂದ ಪ್ರಯೋಗಗಳನ್ನು ಮಾಡಿಸಿದನು. ಬಾಲಕನ ಪ್ರತಿಭೆ ಅವನದೇ. ಪಾಠ ಬಂದುದು ದೂರದಿಂದಲೇ. ಆದರೆ ಅವೆರಡನ್ನೂ ಕೂಡಿಸಿದುದು ಹತ್ತಿರವಿದ್ದ ಗುರು, ಜೊತೆಗಿದ್ದ ಗೆಳೆಯರು ಮತ್ತು ಕೈಯಲ್ಲಿ ಹಿಡಿದ ಉಪಕರಣ.

ಕೈಯಿಂದ ಕಲಿಯಬೇಕಾದ ವಿದ್ಯೆಯ ವಿಷಯವು ಭದ್ರಾವತಿಯವರಿಗೆ ಹೊಸದಲ್ಲ. ಹಿಂದೆ ಬೆಂಕಿಪುರವೆಂದು ಕರೆಸಿಕೊಂಡಿದ್ದ ಈ ಊರಿನಲ್ಲಿ, ಕಲ್ಲಿದ್ದಲು ದೊರೆಯದ ಕಾರಣ ಮಲೆನಾಡಿನ ಕಾಡಿನ ಕಟ್ಟಿಗೆಯ ಇದ್ದಿಲಿನಿಂದಲೇ ಅದಿರನ್ನು ಕರಗಿಸಿ ಕಬ್ಬಿಣವನ್ನು ತೆಗೆದರು. ಕುಲುಮೆಯ ರಸಾಯನಶಾಸ್ತ್ರವನ್ನು ಪುಸ್ತಕದಿಂದಲೂ ಉಪನ್ಯಾಸದಿಂದಲೂ ತಿಳಿಯಬಹುದು. ಆದರೆ ಎರಕದ ಅಚ್ಚನ್ನು ಕಟ್ಟುವ ಹದ, ಲೇತಿನ ಮೇಲೆ ಲೋಹವನ್ನು ಕಡೆಯುವಾಗ ಕಿವಿಗೆ ಕೇಳುವ ಸದ್ದಿನ ವ್ಯತ್ಯಾಸ, ಬೆಸುಗೆ ಹಾಕುವ ಕೈಯ ನಿಲುವು ಇವು ನುರಿತವರ ಪಕ್ಕದಲ್ಲಿ ನಿಂತು, ಹತ್ತು ಸಲ ಕೆಡಿಸಿ, ಹನ್ನೊಂದನೆಯ ಸಲ ಸರಿಪಡಿಸಿಕೊಂಡು ಬರಬೇಕಾದ ವಿದ್ಯೆಗಳು. ಬೆಲ್ಲ ಬೆಲ್ಲ ಎಂದರೆ ಬಾಯಿ ಸಿಹಿಯಾಗುವುದಿಲ್ಲ. ಈಜುವುದನ್ನು ತೆರೆಯ ಮೇಲೆ ನೋಡಿದ ಮಾತ್ರಕ್ಕೆ ಯಾರೂ ತುಂಗೆಯನ್ನು ದಾಟಲಾರರು. ಆದಕಾರಣ ಮುಕ್ತ ಪಾಠಗಳು ಬಂದುವೆಂದು ಪ್ರಯೋಗಶಾಲೆಗಳೂ ಕೈಗಾರಿಕಾ ತರಬೇತಿ ಕೇಂದ್ರಗಳೂ ಬೇಡವೆನ್ನುವುದು ಅವಿವೇಕ.

ಪ್ರಮಾಣಪತ್ರದ ಮಾತು ಇನ್ನೊಂದಿದೆ. ಕಲಿಕೆಯು ನಿಜವಾಗಿದ್ದರೂ ಅದಕ್ಕೆ ಮನ್ನಣೆ ದೊರೆಯದಿದ್ದರೆ ಬಡವರ ಮನೆಯ ಮಕ್ಕಳಿಗೆ ನಷ್ಟವಾಗುತ್ತದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಮಾನ್ಯತೆಯನ್ನು ಕಳೆದುಕೊಂಡಿದ್ದಾಗ, ಅಲ್ಲಿ ಓದಿದ ಅಸಂಖ್ಯ ವಿದ್ಯಾರ್ಥಿಗಳು ತಮ್ಮ ಪದವಿಗೆ ಬೆಲೆಯಿದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಬೆಂದರು. 2018ರಲ್ಲಿ ಮಾನ್ಯತೆ ಮರಳಿ ದೊರೆತ ಮೇಲೆ ಆ ವಿಶ್ವವಿದ್ಯಾನಿಲಯವು ಮತ್ತೆ ಚೇತರಿಸಿಕೊಂಡಿತು. ‘ಸ್ವಯಂ’ ತಾಣದ ಪಾಠಗಳಿಂದ ಪಡೆದ ಅಂಕಗಳನ್ನು ನಿಯಮಗಳಿಗೆ ಒಳಪಟ್ಟು ಕಾಲೇಜಿನ ಪದವಿಗೆ ಸೇರಿಸಿಕೊಳ್ಳಲು ಈಗ ಅವಕಾಶವಿದೆ. ಇದು ಸ್ವಾಗತಾರ್ಹ. ಆದರೆ ‘ಉಚಿತ’ವೆಂದು ಕರೆದು, ಒಳಗೆ ಬಂದ ಮೇಲೆ ಹಣ ಕೇಳುವ ಜಾಹೀರಾತುಗಳೂ ಇವೆ. ಪಾಠವನ್ನು ಯಾರು ನಡೆಸುತ್ತಾರೆ, ಅದಕ್ಕೆ ಯಾರ ಮಾನ್ಯತೆಯಿದೆ ಎಂಬುದನ್ನು ವಿಚಾರಿಸಿಯೇ ಹೆಜ್ಜೆಯಿಡಬೇಕು.

ಹಾಗಾದರೆ ನಾವು ಮಾಡಬೇಕಾದುದೇನು? ದಾರಿಯನ್ನು ಹಾಕುವುದು ಸರ್ಕಾರದ ಮತ್ತು ಸಮಾಜದ ಹೊಣೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ‘ಅರಿವು ಕೇಂದ್ರ’ಗಳೆಂದು ಕರೆದು, ಅಲ್ಲಿ ಕಂಪ್ಯೂಟರು ಮತ್ತು ಅಂತರಜಾಲಗಳನ್ನು ಒದಗಿಸುವ ಕೆಲಸ ರಾಜ್ಯದಲ್ಲಿ ನಡೆದಿದೆ. ಮನೆಯಲ್ಲಿ ಇಲ್ಲದುದು ಊರಿನ ಗ್ರಂಥಾಲಯದಲ್ಲಿದ್ದರೆ ಬಡವರ ಮಕ್ಕಳಿಗೂ ಬಾಗಿಲು ತೆರೆಯುತ್ತದೆ. ಇನ್ನುಳಿದುದು ಕಲಿಯುವವರ ಹೊಣೆ. ಒಂದು ಪಾಠವನ್ನು ಆರಿಸಿಕೊಳ್ಳಿರಿ. ಹತ್ತನ್ನು ಆರಂಭಿಸಿ ಬಿಡುವುದಕ್ಕಿಂತ ಒಂದನ್ನು ಮುಗಿಸುವುದು ಮೇಲು. ದಿನಕ್ಕೆ ಒಂದು ಗೊತ್ತಾದ ಹೊತ್ತನ್ನು ಅದಕ್ಕಾಗಿ ಮೀಸಲಿಡಿರಿ. ಪಾಠ ಕೇಳುವಾಗ ಲೇಖನಿಯೂ ಕಾಗದವೂ ಕೈಯಲ್ಲಿರಲಿ. ಮೂವರೋ ನಾಲ್ವರೋ ಗೆಳೆಯರು ಕೂಡಿ ಕಲಿಯಿರಿ. ಒಬ್ಬನು ಸೋತಾಗ ಇನ್ನೊಬ್ಬನು ಕೈಹಿಡಿಯುತ್ತಾನೆ. ತಿಳಿಯದ್ದನ್ನು ಮರುದಿನ ನಿಮ್ಮ ಉಪಾಧ್ಯಾಯರ ಬಳಿ ಕೇಳಿರಿ. ದೂರದ ಪ್ರಾಧ್ಯಾಪಕರಿಗೆ ನಿಮ್ಮ ಮುಖ ಕಾಣುವುದಿಲ್ಲ. ಹತ್ತಿರದ ಉಪಾಧ್ಯಾಯರು ನಿಮ್ಮ ಹಣೆಯ ಗೆರೆಯನ್ನು ನೋಡಿಯೇ ಎಲ್ಲಿ ತೊಡಕಾಗಿದೆಯೆಂದು ತಿಳಿಯಬಲ್ಲರು.

ಶಿವಮೊಗ್ಗದ ಮೂಲಕ ಹರಿಯುವ ತುಂಗೆಯೂ ಭದ್ರಾವತಿಯ ಮೂಲಕ ಹರಿಯುವ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆಯೆಂಬ ದೊಡ್ಡ ಹೊಳೆಯಾಗಿ ಬಯಲುಸೀಮೆಯ ಹೊಲಗಳಿಗೆ ನೀರುಣಿಸುತ್ತವೆ. ದೂರದಿಂದ ಬರುವ ಮುಕ್ತ ಪಾಠವೂ, ಹತ್ತಿರದಲ್ಲಿರುವ ಶಾಲೆಯ ಪಾಠವೂ ಹೀಗೆಯೇ ಕೂಡಬೇಕು. ಒಂದು ಇನ್ನೊಂದನ್ನು ಬತ್ತಿಸಬಾರದು. ಪಡೆದುದನ್ನು ಹಂಚುವುದೂ ಮುಕ್ತ ಶಿಕ್ಷಣದ ಧರ್ಮವೇ. ಇಂದು ಇಂಗ್ಲಿಷಿನಲ್ಲಿ ಕಷ್ಟಪಟ್ಟು ಒಂದು ಪಾಠವನ್ನು ಅರಿತವರು, ನಾಳೆ ಅದನ್ನು ತಿಳಿಗನ್ನಡದಲ್ಲಿ ಬರೆದು ಹಿಂದೆ ಬರುವವರಿಗೆ ಇಡಬೇಕು. ಆಗ ಕಾಗದನಗರದ ಹುಡುಗಿಯೂ, ಹೊಸನಗರದ ಗುಡ್ಡವೇರಿದ ಹುಡುಗನೂ ಪಾಠವನ್ನು ಕೇಳುವವರಾಗಿ ಮಾತ್ರ ಉಳಿಯದೆ ಹೇಳುವವರೂ ಆಗುತ್ತಾರೆ. ತೆರೆದ ಬಾಗಿಲನ್ನು ಮತ್ತೆ ಮುಚ್ಚದಂತೆ ಕಾಯುವವರು ಅವರೇ.

ಅಭ್ಯಾಸ

ಅ) ಪದಗಳ ಅರ್ಥ
ಕಣಜ – ಧಾನ್ಯ ತುಂಬಿಡುವ ಸ್ಥಳ
ಕಿರುಹೊತ್ತಗೆ – ಚಿಕ್ಕ ಪುಸ್ತಕ
ಬಾನುಲಿ – ರೇಡಿಯೋ
ತೆರಪು – ಬಿಡುವು, ಅವಕಾಶ
ಬದು – ಗದ್ದೆಯ ಅಂಚಿನ ದಿಣ್ಣೆ
ಮಗುದೊಮ್ಮೆ – ಮತ್ತೂ ಒಂದು ಸಲ
ಓಗೊಡು – ಕರೆಗೆ ಉತ್ತರ ಕೊಡು
ಹದ – ತಕ್ಕ ಸ್ಥಿತಿ, ಪಾಕ

ಆ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಆಕಾಶವಾಣಿ’ ಎಂಬುದು ಮೊದಲು ಯಾರ ಬಾನುಲಿ ಕೇಂದ್ರದ ಹೆಸರಾಗಿತ್ತು?
2. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಯಾವ ವರ್ಷ ಸ್ಥಾಪನೆಯಾಯಿತು?
3. ‘ಎಡ್‌ಎಕ್ಸ್’ ಸಂಸ್ಥೆಯ ಮೊದಲ ಮುಖ್ಯಸ್ಥರು ಯಾರು?
4. ಭದ್ರಾವತಿಯ ಹಿಂದಿನ ಹೆಸರೇನು?

ಇ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ‘ಉಚಿತ’ ಮತ್ತು ‘ಮುಕ್ತ’ ಎಂಬ ಮಾತುಗಳಿಗಿರುವ ವ್ಯತ್ಯಾಸವನ್ನು ಲೇಖಕರು ಹೇಗೆ ವಿವರಿಸಿದ್ದಾರೆ?
2. ವಿದ್ಯಾಗಮ ಕಾರ್ಯಕ್ರಮದಲ್ಲಿ ಮಕ್ಕಳನ್ನು ಹೇಗೆ ವಿಂಗಡಿಸಿದರು? ಆ ವಿಂಗಡಣೆಯಿಂದ ಏನು ತಿಳಿಯುತ್ತದೆ?
3. ಎಂತಹ ವಿದ್ಯೆಗಳನ್ನು ಅಂತರಜಾಲದಿಂದ ಮಾತ್ರ ಕಲಿಯಲಾಗದು? ಏಕೆ?

ಈ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮುಕ್ತ ಪಾಠಗಳನ್ನು ಕಲಿಯುವವರಿಗೆ ಎದುರಾಗುವ ಅಡ್ಡಿಗಳು ಯಾವುವು?
2. ಮಂಗೋಲಿಯದ ಬಾಲಕನ ಯಶಸ್ಸಿಗೆ ಕಾರಣವಾದ ಅಂಶಗಳನ್ನು ವಿವರಿಸಿ, ಅದರಿಂದ ನಾವು ಕಲಿಯಬೇಕಾದ ಪಾಠವನ್ನು ತಿಳಿಸಿರಿ.

ಉ) ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. “ಎಷ್ಟು ಮೊಗೆದರೂ ಬರಿದಾಗದ ಕಣಜವಿದು!”
2. “ಗಂಟೆಯನ್ನು ಬಾರಿಸುವವನೂ ನಾನೇ, ಓಗೊಡಬೇಕಾದವನೂ ನಾನೇ.”

ಊ) ಭಾಷಾಭ್ಯಾಸ
1. ಈ ಪದಗಳನ್ನು ಬಿಡಿಸಿ ಸಂಧಿಯನ್ನು ಹೆಸರಿಸಿರಿ: ಪ್ರಚಾರೋಪನ್ಯಾಸ, ವಿದ್ಯಾರ್ಥಿ, ಮನಶ್ಶಾಸ್ತ್ರ, ಸ್ವಾಗತಾರ್ಹ.
2. ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಮನಗಾಣಿಸು, ಕೈಗೆತ್ತಿಕೊ, ಎಳ್ಳಷ್ಟೂ.
3. ‘ಊರೂರು’ ಎಂಬಂತಹ ದ್ವಿರುಕ್ತಿಗಳನ್ನು ಐದು ಬರೆಯಿರಿ.

ಋ) ಚಟುವಟಿಕೆ
ನಿಮ್ಮ ಊರಿನ ಗ್ರಂಥಾಲಯಕ್ಕೆ ಭೇಟಿ ಕೊಟ್ಟು, ಅಲ್ಲಿ ಕಲಿಕೆಗೆ ಇರುವ ಅನುಕೂಲಗಳನ್ನು ಪಟ್ಟಿಮಾಡಿರಿ. ವಿಜ್ಞಾನದ ಒಂದು ಪುಟದಷ್ಟು ಇಂಗ್ಲಿಷ್ ಬರಹವನ್ನು ನಾಲ್ವರು ಕೂಡಿ ಕನ್ನಡಕ್ಕೆ ತಂದು ತರಗತಿಯಲ್ಲಿ ಓದಿರಿ.